ಇಸ್ತ್ರಿ ಮಾಡಿದ ಹತ್ತು ಡಾಲರ್

ಹ್ವಾದ ವಾರ ಸಂಜಿಮುಂದ ನಾ ಅವಲಕ್ಕಿಗೆ ಒಗ್ಗರಣಿ ಹಾಕತಿದ್ದೆ, ಬಾಜೂಮನಿ ವೈನಿ ಮೊಬೈಲ್ ಹಿಡಕೊಂಡು ಗಡಬಡಿಸಿ ಒಳಗ ಬಂದ್ರು. "ನಿಮ್ಮ ಮಾವನವರ ನೋಟಿನ ಆಲ್ಬಮ್ ಎಲ್ಲೆ ಅದರೀ? ತಗೀರಿ ಮೊದಲ. ಟ್ರ್ಯಾಕ್ಟರ್ ಚಿತ್ರ ಇರೋ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡ್ತಾರಂತ!" ಅಂದ್ರು. ನೋಡಿದ್ರ ಯಾವನೋ ಒಬ್ಬಂವ ಅವರ ಕಡಿಂದ ನೋಟಿನ ಫೋಟೋ ತರಿಸಿಕೊಂಡಾನ, ಈಗ 'ನೋಂದಣಿ ಫೀ' ಅಂತ ಮೊದಲ ಎರಡು ಸಾವಿರ ಕಳಸ್ರಿ ಅಂತಾನ. ವೈನಿಯವರ ಬೊಟ್ಟು ಅದಾಗಲೇ ಆ ಗುಂಡಿ ಮ್ಯಾಲೆ ಇತ್ತು. ನಾ ಒಲಿ ಆರಿಸಿ ಮೊಬೈಲ್ ಕಸಗೊಂಡೆ. ರಿಸರ್ವ್ ಬ್ಯಾಂಕಿನವರು 2021ರ ಆಗಸ್ಟಿನಾಗನ ಹೇಳ್ಯಾರ, ಹಳೇ ನೋಟು ನಾಣ್ಯ ಕೊಳ್ಳೋದು ಮಾರೋದು ನಾವು ಮಾಡೂದಿಲ್ಲ, ನಮ್ಮ ಹೆಸರಲೆ ಯಾರರ ಫೀ ಕಮಿಷನ್ ಕೇಳಿದ್ರ ಕೊಡಬ್ಯಾಡ್ರಿ ಅಂತ. ಇದನ್ನ ನಮ್ಮ ಎಲ್ಲಾ ಅಕ್ಕತಂಗಿಯರೂ ಗಂಟು ಹಾಕಿ ಇಟಗೋರಿ. ಹಳೇ ನೋಟಿಗೆ ಬೆಲಿ ಇರೂದಿಲ್ಲ ಅಂತಲ್ಲ. ಆದ್ರ ಕೊಳ್ಳಾಂವ ನಿಮಗ ರೊಕ್ಕ ಕೊಡಬೇಕು, ನೀವು ಅವಗಲ್ಲ.

ವೈನಿಯವರಿಗೆ ಸಮಾಧಾನ ಆಗಲಿ ಅಂತ ಆಲ್ಬಮ್ ಇಳಿಸಿದೆ. ಇಳಿಸಿದ ಮ್ಯಾಲೆ ಅವಲಕ್ಕಿ ಆರಿತು, ರಾತ್ರಿ ಒಂಬತ್ತಾತು, ನಾವಿಬ್ಬರೂ ಏಳಲಿಲ್ಲ. ಅದಕ್ಕ ಈ ಸಲ ಉಪ್ಪಿನಕಾಯಿ ಬಿಟ್ಟು ರೊಕ್ಕದ ಕಥಿ ಬರೀಲಿಕ್ಹತ್ತೀನಿ.

ನಮ್ಮ ಮಾವನವರು ಪೋಸ್ಟ್ ಆಫೀಸಿನಾಗ ಇದ್ದವರು. ಅಂಥವರು ಸ್ಟಾಂಪು ಕೂಡಿಸಬೇಕಲ್ಲ? ಇವರು ಸ್ಟಾಂಪನ್ನ ದಿನಾ ಹಚ್ಚಿ ಹಚ್ಚಿ ಬ್ಯಾಸರಾಗಿ ರೊಕ್ಕ ಕೂಡಸ್ತಿದ್ರು. ಖರ್ಚು ಮಾಡಲಿಕ್ಕಲ್ಲ, ನೋಡಲಿಕ್ಕ. ಒಂದೊಂದು ನೋಟಿನ ಕೆಳಗೂ ಸಣ್ಣ ಚೀಟಿ: ಯಾವ ದೇಶ, ಯಾವ ವರ್ಷ, ಯಾರ ನೆನಪಿಗೆ, ತಮಗ ಯಾವತ್ತು ಸಿಕ್ತು. ಅಕ್ಷರ ಎಷ್ಟು ಸಣ್ಣವು ಅಂದ್ರ ನನಗೀಗ ಎರಡು ಕನ್ನಡಕ ಬೇಕು.

ಮೊದಲನೇ ಪುಟದಾಗ ನಾಣ್ಯ. ನೆಹರೂ 1964ರ ಮೇ ತಿಂಗಳದಾಗ ತೀರಿಕೊಂಡ್ರು, ಅದೇ ವರ್ಷ ಅವರ ಮುಖ ಹಾಕಿ ಒಂದು ರೂಪಾಯಿ, ಐವತ್ತು ಪೈಸೆ ನಾಣ್ಯ ತಂದ್ರು. ಸ್ವಾತಂತ್ರ್ಯ ಬಂದ ಮ್ಯಾಲೆ ನಮ್ಮ ದೇಶದಾಗ ಒಬ್ಬರ ನೆನಪಿಗಂತ ನಾಣ್ಯ ಹೊಡದದ್ದು ಅದೇ ಮೊದಲು. ಆಮ್ಯಾಲೆ 1969, ಗಾಂಧೀಜಿ ಹುಟ್ಟಿ ನೂರು ವರ್ಷ. ಆಗ ನಾಣ್ಯದ ಜೋಡಿ ನೋಟೂ ಬಂದ್ವು: ಒಂದು, ಎರಡು, ಐದು, ಹತ್ತು, ನೂರು. ಗಾಂಧೀಜಿ ಕೂತಾರ, ಹಿಂದ ಸೇವಾಗ್ರಾಮದ ಆಶ್ರಮ. ಈಗ ನಮಗ ಗಾಂಧಿ ಇಲ್ಲದ ನೋಟು ಗೊತ್ತೇ ಇಲ್ಲ, ಆದ್ರ ಅವರು ನೋಟಿನ ಮ್ಯಾಲೆ ಬಂದದ್ದು ಅವತ್ತೇ ಮೊದಲು. ಆ ಮುಂಚೆ ಎಲ್ಲಾ ಅಶೋಕ ಸ್ತಂಭದ ಸಿಂಹ.

ನಮ್ಮ ಆಲ್ಬಮ್ಮಿನಾಗ ಆ ಐದರೊಳಗ ಮೂರೇ ಅವ. ನೂರರ ನೋಟು ಇಟಗೊಳ್ಳೋ ತಾಕತ್ತು ಆಗಿನ ಪಗಾರಕ್ಕ ಇದ್ದಿದ್ದಿಲ್ಲ, ಅದರ ಜಾಗಾದಾಗ ಬರೇ ಪೆನ್ಸಿಲ್ ಗೆರಿ. ಹತ್ತರ ನೋಟು ಮಾತ್ರ ಇತ್ತು, ಆಮ್ಯಾಲೆ ಹೋತು. 1972ರ ಬರದಾಗ ಜ್ವಾಳ ಸಿಗಲಾರದ ದಿವಸ, ನಮ್ಮ ಅತ್ತಿಯವರು ಒಂದು ಮುಂಜಾನೆ ಯಾರನ್ನೂ ಕೇಳಲಾರದ ಆಲ್ಬಮ್ ತಗದು ಆ ಹತ್ತು ರೂಪಾಯಿ ಒಯ್ದು ಅಂಗಡಿಗೆ ಕೊಟ್ಟು ಬಂದ್ರು. ಮಾವನವರು ಸಂಜಿಗೆ ಬಂದು ನೋಡಿದ್ರಂತ, ಏನೂ ಅನ್ನಲಿಲ್ಲಂತ. ಖಾಲಿ ಜಾಗಾದಾಗ ಚೀಟಿ ಅಷ್ಟ ತಿದ್ದ್ಯಾರ: 'ಹತ್ತು ರೂಪಾಯಿ. ಗಾಂಧಿ ಶತಮಾನೋತ್ಸವ. ಜ್ವಾಳಕ್ಕ.'

ಅತ್ತಿಯವರದು ಜಲ್ಮಪೂರ್ತಿ ಒಂದೇ ಪ್ರಶ್ನೆ. "ನೆನಪಿಗಂತ ರೊಕ್ಕ ಮಾಡಿದ್ರ ಅದನ್ನ ಖರ್ಚು ಮಾಡಬೇಕೋ, ಇಡಬೇಕೋ? ಖರ್ಚು ಮಾಡಿದ್ರ ನೆನಪು ಹೋತು. ಇಟ್ರ ಅದು ರೊಕ್ಕಾನ ಅಲ್ಲ." ನಾ ಆಗ ಹೊಸಾ ಸೊಸಿ, ನಗತಿದ್ದೆ. ಈಗ ಅನಸ್ತದ, ಈ ವ್ಯವಹಾರದ ಗುಟ್ಟೇ ಅದು. ನೋಟು ಛಾಪಿಸಲಿಕ್ಕ ಸರ್ಕಾರಕ್ಕ ಆಗೋ ಖರ್ಚು ಸಣ್ಣದು. ನೀವು ಅದನ್ನ ದುಡದು ತಗೊಂಡು ಕಪಾಟಿನಾಗ ಇಟ್ಟು ಮರತ್ರಿ ಅಂದ್ರ, ಅಷ್ಟು ರೊಕ್ಕಾ ಸರ್ಕಾರಕ್ಕ ಬಡ್ಡಿ ಇಲ್ಲದ ಕೈಗಡ ಕೊಟ್ಟಂಗ. ಅದಕ್ಕ ಎಷ್ಟೋ ದೇಶದವರು ಛಂದಛಂದ ನೋಟು ಮಾಡಿ, ಬಣ್ಣದ ಫೋಲ್ಡರಿನಾಗ ಹಾಕಿ, ಕೂಡಿಸೋವರಿಗೇ ಅಂತ ಮಾರ್ತಾರ.

ಹಂಗ ಫೋಲ್ಡರಿನಾಗೂ ಮಾರಿದ್ದ, ಬಾಜಾರದಾಗೂ ಓಡಾಡಿದ್ದ ಒಂದು ನೋಟಿನ ಸುದ್ದಿಗೆ ಈಗ ಬರ್ತೀನಿ. ಆಸ್ಟ್ರೇಲಿಯಾದ ಹತ್ತು ಡಾಲರ್, 1988. ಜಗತ್ತಿನ ಮೊದಲನೇ ಪಾಲಿಮರ್ ನೋಟು, ಅಂದ್ರ ನಾವು ಪ್ಲಾಸ್ಟಿಕ್ ನೋಟು ಅಂತೀವಲ್ಲ, ಅದು.

ಮಾವನವರ ತಂಗಿ ಮಗ ಮೆಲ್ಬೋರ್ನಿನಾಗ ಇದ್ರು, ನನಗ ಭಾವ ಆಗಬೇಕು. 1989ರ ಬ್ಯಾಸಿಗಿಯೊಳಗ ಒಂದು ಮದಿವಿಗಂತ ಧಾರವಾಡಕ್ಕ ಬಂದಾಗ ಕಿಸೆದಾಗಿನ ಪಾಕೀಟು ತಗದು, ನಾಕು ಮಡಿಕಿ ಹಾಕಿದ್ದ ಈ ನೋಟು ಮಾವನವರ ಕೈಯಾಗ ಇಟ್ರು. ಮನಿ ತುಂಬ ಮಂದಿ. ಎಲ್ಲಾರೂ ಮುಟ್ಟಿ ನೋಡೋವರೇ. ಹುಡುಗ್ರು ನೀರಾಗ ಅದ್ದಿದ್ರು, ಏನೂ ಆಗಲಿಲ್ಲ. ಒಬ್ಬಂವ ಹರೀಲಿಕ್ಕ ನೋಡಿದ, ಹರೀಲಿಲ್ಲ. ಅತ್ತಿಯವರು ಕಿವಿ ಹತ್ರ ಹಿಡಿದು ಚರಚರ ಅನಿಸಿ, "ಹಾಲಿನ ಪಾಕೀಟಿನ ಹಂಗ ಅದ. ಇದಕ್ಕ ಯಾರು ಉದ್ರಿ ಕೊಡ್ತಾರ?" ಅಂದ್ರು. ನೋಟಿನ ಒಂದು ಕಡೆ ಖಿಡಕಿ ಹಂಗ ಪಾರದರ್ಶಕ ಜಾಗಾ, ಅದರಾಗ ಹೊಳಿಯೋ ಒಂದು ಮುಖ, ಹೊಳ್ಳಿಸಿದಂಗ ಬಣ್ಣ ಬದಲಾಗ್ತದ. ಅಂವ ಕ್ಯಾಪ್ಟನ್ ಕುಕ್, ಇಂಗ್ಲೆಂಡಿಂದ ಹಡಗು ತಗೊಂಡು ಆಸ್ಟ್ರೇಲಿಯಾದ ಪೂರ್ವ ದಂಡಿಗೆ 1770ರಾಗ ಹೋದಾಂವ. ಆಮ್ಯಾಲೆ 1788ರ ಜನವರಿ 26ಕ್ಕ ಇಂಗ್ಲಿಷರು ಕೈದಿಗಳನ್ನ ತುಂಬಿಕೊಂಡು ಹನ್ನೊಂದು ಹಡಗಿನಾಗ ಬಂದು ಸಿಡ್ನಿಯೊಳಗ ಇಳದ್ರು. ಅದಕ್ಕ ಇನ್ನೂರು ವರ್ಷ ಆತು ಅಂತ ಈ ನೋಟು.

ಪ್ಲಾಸ್ಟಿಕ್ ಯಾಕ? ಕಳ್ಳರ ಸಲುವಾಗಿ. ಆಸ್ಟ್ರೇಲಿಯಾದವರು 1966ರ ಫೆಬ್ರವರಿಯೊಳಗ ಪೌಂಡು ಬಿಟ್ಟು ಡಾಲರ್ ತಂದ್ರು, ಹೊಸಾ ನೋಟು, ಭಾರೀ ಭದ್ರ ಅಂದ್ರು. ವರ್ಷ ತುಂಬೋದ್ರಾಗ, ಡಿಸೆಂಬರಿಗೆ, ಹತ್ತು ಡಾಲರಿನ ಖೋಟಾ ನೋಟು ಬಾಜಾರಕ್ಕ ಬಂದ್ವು. ಮಾಡಿದವರು ದೊಡ್ಡ ಯಂತ್ರದವರೇನಲ್ಲ, ಸಾಧಾರಣ ಛಾಪಖಾನಿ ಸಾಮಾನು, ಅಂಗಡಿಯೊಳಗ ಸಿಗೋ ಕಾಗದ, ಅಷ್ಟ. ಆಗ ಅಲ್ಲಿಯ ರಿಸರ್ವ್ ಬ್ಯಾಂಕಿನ ಗವರ್ನರ್ ಎಚ್. ಸಿ. ಕೂಂಬ್ಸ್ ಅನ್ನೋವರು ವಿಜ್ಞಾನಿಗಳನ್ನ ಕರದು, ನಕಲು ಮಾಡಲಿಕ್ಕ ಬರಲಾರದ ನೋಟು ಬೇಕು ಅಂದ್ರು. ಸರ್ಕಾರಿ ಸಂಶೋಧನಾ ಸಂಸ್ಥೆ ಸಿ.ಎಸ್.ಐ.ಆರ್.ಒ. ಕೆಲಸ ಹಿಡೀತು. ಡೇವಿಡ್ ಸಾಲೊಮನ್ ಅನ್ನೋ ರಸಾಯನ ಶಾಸ್ತ್ರಜ್ಞರು ಮುಂದಾಳು. 1968ಕ್ಕ ಸುರು ಆದದ್ದು, ನೋಟು ಮಂದಿ ಕೈಗೆ ಬರಲಿಕ್ಕ 1988 ಆತು. ಇಪ್ಪತ್ತು ವರ್ಷ! ನಾವು ಒಂದು ಹಪ್ಪಳ ಒಣಗೋದಕ್ಕ ಮೂರು ಸಲ ಮಾಳಗಿ ಹತ್ತಿ ನೋಡ್ತೀವಿ.

ಹೆಂಗ ಮಾಡ್ತಾರ ಅನ್ನೋದು ನನಗ ಲಟ್ಟಣಗಿ ಲೆಕ್ಕದಾಗ ತಿಳೀತು. ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕು, ನಮ್ಮ ಡಬ್ಬಿ, ಹಗ್ಗ ಆಗ್ತಾವಲ್ಲ, ಅದೇ ಜಾತಿದು. ಅದನ್ನ ಕಾಸಿ, ಉದ್ದಕ್ಕೂ ಎಳದು, ಅಗಲಕ್ಕೂ ಎಳದು ತೆಳುವು ಮಾಡ್ತಾರ. ಹಂಗ ಎಳದದ್ದಕ್ಕ ಗಟ್ಟಿ ಬರ್ತದ, ಹರಿಯೂದಿಲ್ಲ. ಮ್ಯಾಲೆ ಎರಡೂ ಕಡೆ ಬಿಳೇ ಬಣ್ಣದ ಲೇಪ, ಖಿಡಕಿ ಜಾಗಾ ಅಷ್ಟ ಬಿಟ್ಟು. ಆ ಖಿಡಕಿನ ಕಳ್ಳರಿಗೆ ಕಷ್ಟ. ಕಾಗದದಾಗ ಎಂಥಾ ನಕಲಿ ಛಾಪಿಸಿದ್ರೂ ಆರಪಾರ ಕಾಣೋ ಜಾಗಾ ಎಲ್ಲಿಂದ ತರೂದು? ಮೊದಲನೇ ತಂಡದ ನೋಟಿನಾಗ ಮಸಿ ಉದುರಿ ಭಾಳ ಫಜೀತಿ ಆಗಿತ್ತು, ಆಮ್ಯಾಲೆ ಸುಧಾರಿಸಿದ್ರು. 1992ರಿಂದ 1996ರೊಳಗ ಐದು, ಹತ್ತು, ಇಪ್ಪತ್ತು, ಐವತ್ತು, ನೂರು, ಎಲ್ಲಾ ನೋಟೂ ಪಾಲಿಮರ್ ಆದ್ವು. ಹಂಗ ಪೂರ್ತಿ ಬದಲಾದ ಮೊದಲನೇ ದೇಶ ಅದು.

ಎಳದು ತೆಳುವು ಮಾಡ್ತಾರ ಅಂದೆನಲ್ಲ, ಅದನ್ನ ನೆನಪಿಟಗೋರಿ. ಕಣಕ ನೆನಿಯಲಾರದ ಚಪಾತಿ ಲಟ್ಟಿಸಿದ್ರ ಏನಾಗ್ತದ? ಹೊಳ್ಳಿ ಮುದುಡತದ. ಈ ಪ್ಲಾಸ್ಟಿಕ್ಕಿಗೂ ಕಾವು ತಗಲಿದ್ರ ಅದೇ ಚಾಳಿ. ಇದು ನನಗ ಗೊತ್ತಿದ್ದಿದ್ದಿಲ್ಲ.

ನಮ್ಮ ರೂಪಾಯಿ ನೋಟಿಗೆ ಕಾಗದ ಅಂತೀವಿ, ಖರೇ ಅಂದ್ರ ಅದು ಹತ್ತಿ. ಅದಕ್ಕ ನೆನದ್ರೂ ಬದುಕತದ, ಇಸ್ತ್ರಿನೂ ತಡೀತದ. ದೀಪಾವಳಿ ಲಕ್ಷ್ಮೀಪೂಜಾಕ್ಕ ನೋಟು ಇಸ್ತ್ರಿ ಮಾಡಿ ಇಡೋದು ನನ್ನ ತವರಮನಿ ರೂಢಿ. ಭಾವನವರು ಕೊಟ್ಟ ನೋಟಿನ ನಾಕು ಮಡಿಕಿ ಎಷ್ಟು ಒತ್ತಿದ್ರೂ ಹೋಗವಲ್ದಾಗಿದ್ದು, ಮಾವನವರು ದಪ್ಪ ಪುಸ್ತಕದ ಕೆಳಗ ಎಂಟು ದಿವಸ ಇಟ್ರೂ ಎದ್ದು ನಿಲ್ತಿದ್ವು. ನಾ ಛೊಲೊ ಮಾಡಲಿಕ್ಕ ಹೋದೆ. ಅವರು ಮಧ್ಯಾಹ್ನ ಮಲಗಿದಾಗ, ಅರಬಿ ಇಸ್ತ್ರಿ ಆದ ಮ್ಯಾಲೆ ಅದೇ ಬಿಸಿಯೊಳಗ ನೋಟಿನ ಮ್ಯಾಲೆ ಒಂದು ಪಂಚೆ ಹಾಸಿ ಒಂದೇ ಸಲ ಒತ್ತಿದೆ. ಪಂಚೆ ತಗದೆ. ಹತ್ತು ಡಾಲರು ಬಸ್ ಟಿಕೀಟಿನಷ್ಟಾಗಿತ್ತು. ದಂಡಿ ಸುರುಳಿ ಹೊಡದು, ಕ್ಯಾಪ್ಟನ್ ಕುಕ್ ಖಿಡಕಿಯೊಳಗ ಹುರಿದ ಹಪ್ಪಳ ಆಗಿದ್ದ.

ಆ ಮಧ್ಯಾಹ್ನ ನಾ ಅತ್ತದ್ದು ನಮ್ಮಪ್ಪ ತೀರಿದಾಗ ಬಿಟ್ರ ಮತ್ತ ಅತ್ತಿಲ್ಲ. ಹೊಸಾ ಸೊಸಿ, ಮನಿಯೊಳಗ ಬಂದು ಮೂರು ವರ್ಷ. ಅತ್ತಿಯವರು ನೋಡಿದ್ರು, ಬೈಲಿಲ್ಲ. "ನಾ ಹತ್ತು ರೂಪಾಯಿ ಜ್ವಾಳಕ್ಕ ಕೊಟ್ಟೆ, ನೀ ಹತ್ತು ಡಾಲರ್ ಸುಟ್ಟಿ. ಈ ಮನ್ಯಾಗ ಹತ್ತಕ್ಕ ಆಯುಷ್ಯ ಇಲ್ಲ" ಅಂದ್ರು. ಮಾವನವರು ಏನು ಮಾಡಿದ್ರು ಅನ್ನೋದು ಆಮ್ಯಾಲೆ ಹೇಳ್ತೀನಿ.

ಮುದುಡಿದ್ರೂ ಆ ನೋಟಿನ ಎರಡೂ ಮಗ್ಗಲು ಇವತ್ತಿಗೂ ಕಾಣಸ್ತಾವ. ಒಂದು ಕಡೆ ಹಡಗು, ಹೊರಗಿಂದ ಬಂದ ಮಂದಿ. ಇನ್ನೊಂದು ಕಡೆ ಮೊದಲಿಂದ ಅಲ್ಲೇ ಇದ್ದವರು: ಮೈಗೆ ಬಣ್ಣ ಬಳಕೊಂಡ ಒಬ್ಬ ಆದಿವಾಸಿ ಹುಡುಗ, ಮತ್ತ ಅವರ ಚಿತ್ರ, ಕೆತ್ತನಿ. ಆ ಇನ್ನೂರನೇ ವರ್ಷದ ಹಬ್ಬದ ದಿವಸನ ಸಿಡ್ನಿಯೊಳಗ ಸಾವಿರಾರು ಆದಿವಾಸಿಗಳು ಮತ್ತ ಅವರ ಜೋಡಿ ನಿಂತವರು ಬೀದಿಗೆ ಇಳದು, ಇದು ನಮಗ ಹಬ್ಬ ಅಲ್ಲ, ದುಃಖದ ದಿವಸ ಅಂತ ಮೆರವಣಿಗಿ ಮಾಡಿದ್ರು. ನೋಟಿನ ಹಿಂದಿನ ಆ ಚಿತ್ರದಾಗ ಒಂದು ಕಂಬ ಅದ. ಮುಂಜಾನಿ ಚುಕ್ಕಿ ಕಂಬ ಅಂತಾರ. ಹಕ್ಕಿ ಪುಕ್ಕ, ದಾರ ಕಟ್ಟಿ ಮಾಡಿದ್ದು, ಅವರೊಳಗ ದೊಡ್ಡವರು ತೀರಿಕೊಂಡಾಗ ಮಾಡೋ ವಿಧಿಯೊಳಗ ಬೇಕಾಗೂದು. ಯಾರರ ಮಾಡೂ ಹಂಗಿಲ್ಲ, ಕುಲದ ಹಿರ್ಯಾರು ಅಧಿಕಾರ ಕೊಟ್ಟವರು ಅಷ್ಟ ಮಾಡಬೇಕು.

ನೋಟಿನ ಮ್ಯಾಲಿನ ಕಂಬ ಮಾಡಿದವರು ಟೆರಿ ಯುಂಬುಲುಲ್. ಒಂದು ಏಜೆನ್ಸಿ ಮುಖಾಂತರ ಕಾಗದಕ್ಕ ಸಹಿ ಆಗಿತ್ತು, ರಿಸರ್ವ್ ಬ್ಯಾಂಕು ಕೇಳದ ತಗೊಂಡಿಲ್ಲ. ಆದ್ರ ನೋಟು ಹೊರಗ ಬಂದ ಮ್ಯಾಲೆ ಅವರ ಮಂದಿ ಅವರನ್ನ ತರಾಟೆಗೆ ತಗೊಂಡ್ರು. ಇದು ನೀ ಒಬ್ಬನೇ ಕೊಡೋ ವಸ್ತು ಹೆಂಗಾತು, ರೊಕ್ಕದ ಮ್ಯಾಲೆ ಹಾಕಲಿಕ್ಕ ಯಾರು ಹೇಳಿದ್ರು ಅಂತ. ಅವರು ಕೋರ್ಟಿಗೆ ಹೋದ್ರು, ತಾವು ಸಹಿ ಹಾಕಿದ್ದು ಏನಂತ ಸರಿಯಾಗಿ ತಿಳದಿದ್ದಿಲ್ಲ ಅಂದ್ರು. 1991ರಾಗ ಕೇಸು ಬಿದ್ದು ಹೋತು. ಆದ್ರ ನ್ಯಾಯಾಧೀಶರೇ ಒಪ್ಪಿಕೊಂಡ್ರು, ಒಂದು ಸಮುದಾಯಕ್ಕ ಸೇರಿದ ಕಲೆಗೆ ನಮ್ಮ ಕಾನೂನಿನಾಗ ಸಾಕಷ್ಟು ಜಾಗಾ ಇಲ್ಲ ಅಂತ.

ಇದಕ್ಕಿಂತ ಮೊದಲಿನ ಕಥಿ ಇನ್ನೂ ಬ್ಯಾರೆ. 1966ರ ಒಂದು ಡಾಲರ್ ನೋಟಿನ ಹಿಂದ ಮರದ ತೊಗಟಿ ಮ್ಯಾಲೆ ಬರದ ಒಂದು ಚಿತ್ರ ಇತ್ತು. ಒಬ್ಬ ಬ್ಯಾಟಿಗಾರ ಸತ್ತಾಗ ಮಾಡಿದ ವಿಧಿಯ ಚಿತ್ರ. ನೋಟು ಮಾಡಿದವರು, ಯಾವುದೋ ಹಳೇ ಕಾಲದ್ದು, ಬರದವರು ಎಂದೋ ಸತ್ತಿರಬೇಕು ಅಂತ ತಿಳಕೊಂಡ್ರು. ಬರದಾಂವ ಜೀವಂತ ಇದ್ದ! ಡೇವಿಡ್ ಮಲಾಂಗಿ, ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನವ. ಅಲ್ಲಿಯ ಸಾಲಿ ಮಾಸ್ತರ ಒಬ್ಬರು ನೋಟು ನೋಡಿ ಗುರ್ತ ಹಿಡದು ಬರದು ತಿಳಿಸಿದ್ರು. ಅದೇ ಕೂಂಬ್ಸ್ ಗವರ್ನರು, ತಪ್ಪಾತು ಅಂತ ಅವನಿಗೆ ಸಾವಿರ ಡಾಲರ್, ಒಂದು ಪದಕ, ಮತ್ತ ಮೀನು ಹಿಡಿಯೋ ಸಾಮಾನು ಕೊಡಿಸಿದ್ರು.

ಈ ಸುದ್ದಿ ನಮಗ ಗೊತ್ತಾದದ್ದು 2005ರಾಗ, ಮೆಲ್ಬೋರ್ನ್ ಭಾವನವರು ಮತ್ತ ಬಂದಾಗ. ಮಾವನವರು ಅಷ್ಟರೊಳಗ ಹೋಗಿದ್ರು. ಅತ್ತಿಯವರು ಪಡಸಾಲಿಯೊಳಗ ಬತ್ತಿ ಹೊಸೀಕೋತ ಕೇಳಿಸಿಕೊಂಡ್ರು, ಹತ್ತಿ ಬಾಜೂಕ ಇಟ್ಟು ಅಂದ್ರು: "ಅವಗ ಮೀನು ಹಿಡಿಯೋ ಸಾಮಾನರ ಕೊಟ್ರು. ನನಗ ಒಂದು ಸೂಜಿನೂ ಕೊಡಲಿಲ್ಲ."

ಭಾವನವರಿಗೆ ತಿಳೀಲಿಲ್ಲ. ನನಗ ತಿಳೀತು. ನಿಮ್ಮೊಳಗೂ ಹಳಬರಿಗೆ ನೆನಪಿರಬೇಕು. ಅತ್ತಿಯವರ ಕಪ್ಪು ಚಂದ್ರಕಾಳಿ ಸೀರಿ ಸೆರಗಿನ ಮ್ಯಾಲೆ ಅವರೇ ಹಾಕಿದ ಕಸೂತಿ, ತುಳಸಿ ವೃಂದಾವನ, ಎರಡೂ ಕಡೆ ಗಿಣಿ. ಗವಂತಿ, ಮುರಗಿ ಹೊಲಿಗಿ, ಎಲ್ಲೂ ಗಂಟಿಲ್ಲ, ಹಿಂದ ಮುಂದ ಒಂದೇ ನಮೂನಿ. 1992ರ ಸುಮಾರು ಒಂದು ಸಂಸ್ಥೆಯವರು ಬಂದು, ಹಳೇ ಕಸೂತಿ ಫೋಟೋ ತಗೀತೀವಿ ಅಂತ ಸೀರಿ ಹಾಸಿ ತಕ್ಕೊಂಡು, ಚಹಾ ಕುಡದು ಹೋದ್ರು. ಎರಡು ವರ್ಷಕ್ಕ ಅದೇ ವೃಂದಾವನ ಅವರ ಡೈರಿ ಮ್ಯಾಲೆ ಬಣ್ಣದಾಗ ಬಂತು. ಕೆಳಗ 'ಪಾರಂಪರಿಕ ಕಸೂತಿ' ಅಂತ ಇತ್ತು, ಅಷ್ಟ. ಅತ್ತಿಯವರದೇ ಅಂತ ಹೆಂಗ ಗೊತ್ತಾತು ಅಂದ್ರ, ಎಡಗಡೆ ಗಿಣಿ ಕೊಕ್ಕಿಗೆ ಅವರು ಒಂದು ಎಳಿ ಎಣಿಸೋದು ತಪ್ಪಿದ್ರು. ಆ ತಪ್ಪೂ ಹಂಗ ಛಾಪ ಆಗಿತ್ತು.

"ಕೇಳಿದ್ರ ನಾ ಒಲ್ಲೆ ಅಂತಿದ್ದೆನೇನು?" ಅಂತ ಒಂದೇ ಮಾತು ಅಂದ್ರು. ಮಾವನವರು ಸಿಟ್ಟಿಗೆದ್ದು, ಇದು ನನ್ನ ಹೆಂಡತಿ ಮಾಡಿದ್ದು, ಅಕಿ ಹೆಸರು ಹಾಕ್ರಿ ಅಂತ ಪತ್ರ ಬರದ್ರು. ಟಪಾಲಿಗೆ ಹಾಕೋ ಮುಂಚೆ ಓದಿಸಿಕೊಂಡ ಅತ್ತಿಯವರು ತಡದ್ರು. "ನಂದು ಅಂತ ಬರೀಬ್ಯಾಡ್ರಿ. ವೃಂದಾವನ ಎಣಿಸೋದು ಕಲಿಸಿದಾಕಿ ನಮ್ಮ ಅತ್ತಿ. ನಂದು ಗಿಣಿ ಅಷ್ಟ." ಮಾವನವರು ಪತ್ರ ಹೊಳ್ಳಿ ಬರದು ಹಾಕಿದ್ರು. ಉತ್ತರ ಬರಲಿಲ್ಲ. ಪೋಸ್ಟ್ ಆಫೀಸಿನವರ ಪತ್ರಕ್ಕೂ ಉತ್ತರ ಬರಲಿಲ್ಲ ಅಂದ್ರ ನೀವೇ ತಿಳಕೋರಿ. ಅದಕ್ಕ ಯುಂಬುಲುಲ್ ಅವರ ಕಂಬದ ಸುದ್ದಿ ಕೇಳಿದಾಗ, ಕುಲದವರು ಬೈದ್ರು ಅಂದ ಕೂಡಲೇ ಅತ್ತಿಯವರು "ಹೌದಲ್ಲ ಮತ್ತ" ಅಂದ್ರು. ನಾ ಇಂದಿಗೂ ಎರಡೂ ಕಡೆ ವಿಚಾರ ಮಾಡ್ತೀನಿ. ಮಾಡಿದಾಕಿ ಹೆಸರು ಬರಬೇಕು. ಆದ್ರ ಮಾಡಿದಾಕಿ ಒಬ್ಬಾಕಿನ ಅಲ್ಲ.

ಆಲ್ಬಮ್ಮಿನ ಉಳಿದ ಪುಟ ಲಗೂ ಲಗೂ ತಿರವ್ತೀನಿ, ಇಲ್ಲಂದ್ರ ಇದು ಪುರಾಣ ಆಗ್ತದ. ಆಸ್ಟ್ರೇಲಿಯಾದವರು ಕಲತ ಮ್ಯಾಲೆ ಬ್ಯಾರೆ ದೇಶದವರೂ ಸುರು ಮಾಡಿದ್ರು, ಮೊದಮೊದಲು ಭಾಳಷ್ಟು ಕಡೆ ನೆನಪಿನ ನೋಟು ಮಾಡಿ ರುಚಿ ನೋಡಿದ್ರು, ಹೊಸಾ ಅಕ್ಕಿ ಮೊದಲ ದೇವರಿಗೆ ಮಾಡಿ ನೋಡಿದಂಗ. ಸಿಂಗಾಪುರ 1990ರಾಗ, ಸ್ವತಂತ್ರ ಆಗಿ ಇಪ್ಪತ್ತೈದು ವರ್ಷಕ್ಕ ಐವತ್ತು ಡಾಲರ್. ಕುವೈತ್ 1993ರಾಗ, ಇರಾಕಿನ ಕೈಯಿಂದ ಬಿಡಗಡೆ ಆದದ್ದಕ್ಕ ಒಂದು ದಿನಾರ್. ಶ್ರೀಲಂಕಾ 1998ರಾಗ, ಸ್ವಾತಂತ್ರ್ಯದ ಐವತ್ತಕ್ಕ ಇನ್ನೂರು ರೂಪಾಯಿ.

ನನಗ ಭಾಳ ಸೇರೂದು ರೊಮೇನಿಯಾದ್ದು, 2000 ಲೇಯಿ, ಸೂರ್ಯಗ್ರಹಣದ ನೆನಪಿಗೆ. ಸೂರ್ಯ, ಸುತ್ತ ಗ್ರಹಗಳು. 1999ರ ಆಗಸ್ಟ್ 11ರ ಖಗ್ರಾಸ ಗ್ರಹಣ, ಯುರೋಪಿನಾಗ ಮಧ್ಯಾಹ್ನ ಹಿಡದದ್ದು ನಮ್ಮಲ್ಲೆ ಸಂಜಿಗೆ ಬಂತು. ನೆನಪದೇನ್ರಿ? ಅವತ್ತು ಭೀಮನ ಅಮಾವಾಸಿ! ಒಂದು ಕಡೆ ಗಂಡನ ಪೂಜಾ, ಇನ್ನೊಂದು ಕಡೆ ಗ್ರಹಣದ ವೇಧ, ಕಡಬು ಯಾವಾಗ ತಿನ್ನಬೇಕು ಅಂತ ಓಣಿ ತುಂಬ ಜಗಳಾಗಿತ್ತು. ಎಲ್ಲಾ ಡಬ್ಬಿಗೂ ದರ್ಭಿ ಹಾಕಿದ್ವಿ. ಅಷ್ಟು ಮಾಡಿ ಮೋಡದಾಗ ಗ್ರಹಣ ಕಾಣಲೇ ಇಲ್ಲ. ನಾವು ನೋಡಲಾರದ ಗ್ರಹಣ ನಮ್ಮ ಮನ್ಯಾಗ ನೋಟಾಗಿ ಕೂತದ.

ಇನ್ನೆರಡು ನೋಟು ಬಾಜೂಬಾಜೂಕ ಅವ. ಇಂಡೋನೇಷ್ಯಾದ 1993ರ ಐವತ್ತು ಸಾವಿರ ರುಪಯ್ಯ, ಅಧ್ಯಕ್ಷ ಸುಹಾರ್ತೋ ಇಪ್ಪತ್ತೈದು ವರ್ಷ ದೇಶ ಉದ್ಧಾರ ಮಾಡಿದ್ರು ಅಂತ. ಐದೇ ವರ್ಷಕ್ಕ, 1998ರ ಮೇದಾಗ, ಮಂದಿ ಅವರನ್ನ ಇಳಿಸಿದ್ರು. ಅದರ ಮಗ್ಗಲಕ್ಕ ನೇಪಾಳದ ಹತ್ತು ರೂಪಾಯಿ, 2002, ರಾಜಾ ಜ್ಞಾನೇಂದ್ರ ಗಾದಿಗೆ ಬಂದ ನೆನಪಿಗೆ. ಹಿಂದಿನ ವರ್ಷ ಜೂನ್ ಒಂದಕ್ಕ ಅರಮನಿಯೊಳಗ ರಾಜಾರಾಣಿ ಎಲ್ಲಾ ಗುಂಡಿಗೆ ಬಲಿ ಆಗಿದ್ರಲ್ಲ, ಆ ಮ್ಯಾಲೆ ಬಂದ ರಾಜಾ. 2008ಕ್ಕ ಅಲ್ಲೆ ರಾಜ್ಯಭಾರನೇ ಮುಗೀತು. ನಮ್ಮ ಮನಿಯವರಿಗೆ ಪಶುಪತಿನಾಥಕ್ಕ ಹೋದಾಗ ಚಿಲ್ಲರಿಯೊಳಗ ಸಿಕ್ಕ ನೋಟು ಅದು, ಒಂದು ಸುಕ್ಕಿಲ್ಲ, ಕಿರೀಟ ಇನ್ನೂ ಹೊಳೀತದ. ಕಾಗದಕ್ಕಿಂತ ಮೂರು ನಾಕು ಪಟ್ಟು ಬಾಳ್ತದಂತ ಪ್ಲಾಸ್ಟಿಕ್ಕು. ಗಾದಿಗೆ ಅಷ್ಟು ಬಾಳಿಕಿ ಇದ್ದಿದ್ದಿಲ್ಲ.

ನಮ್ಮ ದೇಶದಾಗ? ಹತ್ತು ರೂಪಾಯಿದ ನೂರು ಕೋಟಿ ಪ್ಲಾಸ್ಟಿಕ್ ನೋಟು ಮಾಡಿ ಐದು ಊರಾಗ ಪರೀಕ್ಷಾ ಮಾಡ್ತೀವಿ ಅಂತ 2014ರಾಗ ಸಂಸತ್ತಿನಾಗ ಹೇಳಿದ್ರು. ಕೊಚ್ಚಿ, ಜೈಪುರ, ಶಿಮ್ಲಾ, ಭುವನೇಶ್ವರ, ಮತ್ತ ನಮ್ಮ ಮೈಸೂರು. ಬ್ಯಾರೆ ಬ್ಯಾರೆ ಹವಾದಾಗ ಹೆಂಗ ತಡೀತದ ನೋಡಲಿಕ್ಕ. ಮೈಸೂರಾಗ ಹೆಂಗೂ ನೋಟು ಛಾಪಿಸೋ ಕಾರ್ಖಾನಿ ಅದ, ನೋಟಿನ ಕಾಗದದ ಗಿರಣಿನೂ ಅದ. ನನ್ನ ಮೈಸೂರು ತಂಗಿಗೆ ವರ್ಷಾನುಗಟ್ಟಲೆ ಫೋನ್ ಮಾಡಿ, "ಬಂತೇನ? ಬಂತೇನ?" ಅಂತ ಕೇಳಿದ್ದೇ ಬಂತು. ನೋಟು ಬರಲಿಲ್ಲ. ಆಕಿ ಈಗ ನಾ ಫೋನ್ ಮಾಡಿದ್ರ "ಇನ್ನೂ ಹತ್ತಿಯೊಳಗ ಅದೀವಿ" ಅಂತನ ಮಾತು ಸುರು ಮಾಡ್ತಾಳ.

ಇಂಗ್ಲೆಂಡಿನ ಪ್ಲಾಸ್ಟಿಕ್ ನೋಟು ಮಗಳು ತಂದಾಳ, ಹತ್ತು ಪೌಂಡಿಂದು, ಜೇನ್ ಆಸ್ಟೆನ್ ಅನ್ನೋ ಕಾದಂಬರಿಕಾರ್ತಿ ಚಿತ್ರ. ನೋಟಿನಿಂದ ಹೆಣ್ಣುಮಕ್ಕಳ ಮುಖನೇ ಮಾಯ ಆಗ್ತದ, ರಾಣಿ ಬಿಟ್ರ ಯಾರೂ ಇರೂದಿಲ್ಲ ಅಂತ 2013ರಾಗ ಹೆಂಗಸ್ರು ಜಗಳ ಹೂಡಿ ಬರಿಸಿದ್ದು. 2017ರ ಸೆಪ್ಟೆಂಬರಿಗೆ ಹೊರಗ ಬಂತು. ಛೊಲೊ ಆತು ಅಂತ ನಾ ಅದನ್ನ ಮುಂದಿನ ಪುಟದಾಗ ಇಟ್ಟೆ. ಆಮ್ಯಾಲೆ ಮಗಳು ಮೆಲ್ಲಕ ಹೇಳಿದ್ಲು: ಆ ಪ್ಲಾಸ್ಟಿಕ್ ಮಾಡೋವಾಗ ಪ್ರಾಣಿ ಕೊಬ್ಬು ತೀರ ಸ್ವಲ್ಪ ಸೇರ್ತದಂತ. 2016ರಾಗ ಐದು ಪೌಂಡಿನ ನೋಟು ಬಂದಾಗನ ಅಲ್ಲೆ ದೊಡ್ಡ ಗದ್ದಲ ಆಗಿ, ಲಕ್ಷಕ್ಕಿಂತ ಹೆಚ್ಚು ಮಂದಿ ಸಹಿ ಹಾಕಿ, ಕೆಲವು ದೇವಸ್ಥಾನದವರು ಈ ನೋಟು ಇಲ್ಲೆ ಹಾಕಬ್ಯಾಡ್ರಿ ಅಂದಿದ್ರು. ಬ್ಯಾಂಕಿನವರು ಎಲ್ಲಾರನ್ನೂ ಕೇಳಿ, ವಿಚಾರ ಮಾಡಿ, ಕಡೀಕ ಹಂಗ ಮುಂದವರಸ್ತೀವಿ ಅಂದ್ರು. ನಮ್ಮ ಆಲ್ಬಮ್ ಆವಾಗ ದೇವರ ಮನಿ ಕಪಾಟಿನಾಗ ಇತ್ತು, ಮಾವನವರ ಕಾಲದಿಂದ. ನಾ ಒಂದು ದಿವಸ ವಿಚಾರ ಮಾಡಿದೆ. ನೋಟು ಒಗೀಲಿಕ್ಕ ಮನಸಾಗಲಿಲ್ಲ, ಅಲ್ಲೆ ಇಡಲಿಕ್ಕೂ ಆಗಲಿಲ್ಲ. ಇಡೀ ಆಲ್ಬಮ್ ಎತ್ತಿ ಹೊರಗಿನ ಕಪಾಟಿಗೆ ಇಟ್ಟೆ. ಅತ್ತಿಯವರು ಕುಂಕುಮದ ಭರಣಿಯೊಳಗ ಇಟ್ಟಿದ್ದ ಬಸವೇಶ್ವರರ ಐದು ರೂಪಾಯಿ ನಾಣ್ಯ, 2006ರಾಗ ಬಂದದ್ದು, ಅದೊಂದು ಅಲ್ಲೇ ಅದ.

ಈಗ ಮಾವನವರ ಸುದ್ದಿ. ಆ ಮಧ್ಯಾಹ್ನ ಎದ್ದು, ನನ್ನ ಮುಖ ನೋಡಿ, ಕೈಯಾಗಿನ ಸುರುಳಿ ನೋಟು ನೋಡಿ, ಕನ್ನಡಕ ತರಸ್ಕೊಂಡ್ರು. ಅದನ್ನ ಹಿಂದಮುಂದ ಹೊಳ್ಳಿಸಿ, ಸ್ಕೇಲ್ ಹಚ್ಚಿ ಅಳದ್ರು. ಆಮ್ಯಾಲೆ ಚೀಟಿ ಬರದು ಅಂಟಿಸಿದ್ರು. ಇವತ್ತಿಗೂ ಹಂಗ ಅದ. ಆಸ್ಟ್ರೇಲಿಯಾ, 1988, ದ್ವಿಶತಮಾನೋತ್ಸವ. ಕೆಳಗ ಬ್ಯಾರೆ ಮಸಿಯೊಳಗ: 'ಇಸ್ತ್ರಿ ಮಾಡಿದ್ದು, ಧಾರವಾಡದಲ್ಲಿ, ಜೂನ್ 1989.' ಮುಂದ ನನ್ನ ಹೆಸರು, ಪೂರ್ತಿ ಹೆಸರು, ತವರಮನಿ ಅಡ್ಡಹೆಸರು ಕೂಡಿಸಿ. ವೈನಿಯವರು ಎಲ್ಲಾ ಪುಟ ತಿರವಿ ನೋಡಿ ಹೇಳಿದ ಮ್ಯಾಲೆ ನನಗ ಲಕ್ಷ್ಯಕ್ಕ ಬಂತು: ರಾಜರದು ರಾಣಿಯರದು ಬಿಟ್ರ, ನಮ್ಮ ಮನಿಯೊಳಗಿನವರ ಹೆಸರು ಆ ಆಲ್ಬಮ್ಮಿನಾಗ ಇರೂದು ಅದೊಂದೇ. ಜ್ವಾಳಕ್ಕ ಹೋದ ನೋಟಿನ ಚೀಟಿಯೊಳಗೂ ಅತ್ತಿಯವರ ಹೆಸರಿಲ್ಲ.

ಅದಕ್ಕ ಮೊನ್ನೆ ಕೂತು ಅಲ್ಲೆ ಅವರ ಹೆಸರು ಬರದೆ. ಕಡೀ ಪುಟದಾಗ, ಜೀರ್ಣಾದ ಚಂದ್ರಕಾಳಿ ಸೆರಗಿನ ಒಂದು ತುಣುಕು ಇಟ್ಟೀನಿ, ವೃಂದಾವನ, ಕೊಕ್ಕು ತಪ್ಪಿದ ಗಿಣಿ ಎರಡೂ ಬರೋ ಹಂಗ ಕತ್ತರಿಸಿ. ಚೀಟಿನೂ ಬರದೀನಿ. ಗಿಣಿ ಅಂತ ಬರದು ಮುಂದ ಅತ್ತಿಯವರ ಹೆಸರು. ವೃಂದಾವನ ಅಂತ ಬರದು ಕೈ ನಿಂತದ. ಅವರ ಅತ್ತಿಗೆ ಮದಿವ್ಯಾಗ ಹೆಸರು ಬದಲು ಮಾಡಿದ್ರು, ಮನಿಯೊಳಗ ಎಲ್ಲಾರಿಗೂ ಗೊತ್ತಿರೂದು ಆ ಹೆಸರು ಅಷ್ಟ. ಕಸೂತಿ ಕಲತದ್ದು ಆಕಿ ತವರಾಗ, ಗದಗಿನ ಕಡೆ, ಹುಡುಗಿ ಇದ್ದಾಗ. ಆ ಹುಡುಗಿ ಹೆಸರು ಏನಿತ್ತು? ಗದಗಿನ ಕಡೆ ಅತ್ಯಾಗಳು, ಮೌಶಿಗಳು ಯಾರರ ಇದನ್ನ ಓದತಿದ್ರ, ನಿಮ್ಮ ಮನಿ ಹಿರ್ಯಾರನ್ನ ಕೇಳಿ ತಿಳಸ್ರಿ. ಚೀಟಿಯೊಳಗ ಜಾಗಾ ಬಿಟ್ಟೀನಿ.